ತೊಟ್ಟು, ಬುಡ, ಒಂದು ಒದ್ದೆ ಟವೆಲ್

ಜುಲೈ ಮೂರನೇ ವಾರದ ಒಂದು ಶನಿವಾರ ಬೆಳಿಗ್ಗೆ ಕಾಫಿ ಲೋಟ ಹಿಡ್ಕೊಂಡು ಹಿತ್ತಲಿಗೆ ಹೋದ್ರೆ ಹುಳಿ ಬಂದ ದೋಸೆ ಹಿಟ್ಟಿನ ವಾಸನೆ. ಮೊದಲು ನಮ್ಮನೆ ಅಡುಗೆಮನೆ ಕಿಟಕಿಯಿಂದಲೇ ಬರ್ತಿದೆ ಅಂದ್ಕೊಂಡೆ, ರಾತ್ರಿ ರುಬ್ಬಿಟ್ಟಿದ್ದು ಉಕ್ಕಿ ಚೆಲ್ಲಿರ್ಬೇಕು ಅಂತ. ಇನ್ನೆರಡು ಹೆಜ್ಜೆ ಹಾಕಿದ ಮೇಲೆ ಗೊತ್ತಾಯ್ತು, ವಾಸನೆ ಬರ್ತಿರೋದು ಕುಂಬಳ ಬಳ್ಳಿಯ ಬುಡದಿಂದ. ಬಗ್ಗಿ ಎಲೆ ಸರಿಸಿ ನೋಡ್ತೀನಿ, ಬುಡದ ಒಂದು ಸೀಳಿನಿಂದ ಕಿತ್ತಳೆ ಮಿಶ್ರಿತ ಕಂದು ಬಣ್ಣದ ನೊರೆ, ಸಣ್ಣ ಸಣ್ಣ ಗುಳ್ಳೆ, ಅದರ ಸುತ್ತ ನೊಣ. ಹಿಂದಿನ ದಿನ ಸಂಜೆ ನೀರು ಬಿಡೋವಾಗ ಏನೂ ಇರ್ಲಿಲ್ಲ. ಅಥವಾ ಇತ್ತು, ನಾನು ನೋಡಿರ್ಲಿಲ್ಲ. ಈ ಬರಹ ಇರೋದೇ ಆ ಎರಡನೇ ವಾಕ್ಯದ ಬಗ್ಗೆ ಅಂದ್ಕೊಳ್ಳಿ.

ನಾನಿರೋದು ಲಂಡನ್ ಹತ್ರ. ಇಂಗ್ಲೆಂಡಿನ ಲಂಡನ್ ಅಲ್ಲ, ಕೆನಡಾದ ಒಂಟಾರಿಯೊದಲ್ಲೂ ಒಂದು ಲಂಡನ್ ಇದೆ, ಅಲ್ಲೊಂದು ಥೇಮ್ಸ್ ನದಿನೂ ಇದೆ, ನಗಬೇಡಿ. ಹೊಟ್ಟೆಪಾಡಿಗೆ ಸಾಫ್ಟ್‌ವೇರ್, ಮೇ ತಿಂಗಳಿಂದ ಅಕ್ಟೋಬರ್ ತನಕ ಕುಂಬಳಕಾಯಿ. ಸಾಂಬಾರಿಗೆ ಹಾಕೋ ಕುಂಬಳ ಅಲ್ಲ, ಅಟ್ಲಾಂಟಿಕ್ ಜಯಂಟ್ ಅನ್ನೋ ತಳಿ. ನೋವಾ ಸ್ಕೋಶಿಯಾದ ವಿಂಡ್ಸರ್ ಊರಿನ ಹೋವರ್ಡ್ ಡಿಲ್ ಅನ್ನೋ ರೈತ ವರ್ಷಾನುಗಟ್ಟಲೆ ಆರಿಸಿ ಆರಿಸಿ ಮಾಡಿದ ತಳಿ ಇದು, 1981ರಲ್ಲಿ ಆತನ ಕಾಯಿ 493.5 ಪೌಂಡ್ ತೂಗಿ ಆಗಿನ ವಿಶ್ವದಾಖಲೆ ಆಗಿತ್ತು. ಈಗ ಜಗತ್ತಲ್ಲಿ ಎಲ್ಲೇ ದೊಡ್ಡ ಕುಂಬಳ ತೂಕಕ್ಕೆ ಬಂದ್ರೂ ಬಹುತೇಕ ಅದರದ್ದೇ ಮರಿ ಮೊಮ್ಮಕ್ಕಳು. 2012ರಲ್ಲಿ ರೋಡ್ ಐಲೆಂಡಿನ ರಾನ್ ವಾಲೆಸ್ 2009 ಪೌಂಡ್ ತೂಗಿಸಿ ಒಂದು ಟನ್ (ಅಮೆರಿಕದ ಲೆಕ್ಕದ ಟನ್, 2000 ಪೌಂಡ್) ಗೆರೆ ದಾಟಿದ, 2023ರಲ್ಲಿ ಮಿನೆಸೋಟಾದ ಟ್ರಾವಿಸ್ ಗಿಂಗರ್ 2749 ಪೌಂಡಿಗೆ ಹೋದ, ಅಂದ್ರೆ ಸುಮಾರು 1247 ಕಿಲೋ, ಒಂದು ಸಣ್ಣ ಕಾರಿಗಿಂತ ಜಾಸ್ತಿ. 2025ರಲ್ಲಿ ಇಂಗ್ಲೆಂಡಿನ ಪೇಟನ್ ಅವಳಿ ಅಣ್ಣತಮ್ಮಂದಿರು ಅದನ್ನೂ ಮುರಿದ್ರು. ಇವರೆಲ್ಲರ ಮುಂದೆ ನಾನು ಯಾವ ಲೆಕ್ಕಕ್ಕೂ ಇಲ್ಲ, ಮೂರು ವರ್ಷದ ಅನುಭವ, ಅದರಲ್ಲಿ ಮೊದಲೆರಡು ವರ್ಷ ಕಾಯಿ ಕೈಗೇ ಸಿಕ್ಕಿಲ್ಲ.

ಅಮ್ಮನಿಗೆ ಮೊದಲ ಸಲ ವಿಡಿಯೋ ಕಾಲಲ್ಲಿ ತೋರಿಸಿದಾಗ, "ಅಯ್ಯೋ ಇಷ್ಟು ದೊಡ್ಡ ಚೀನಿಕಾಯಿ ಕೊಯ್ದು ಎಂಥ ಮಾಡ್ತಿ, ಇಡೀ ಊರಿಗೆ ಸಾಸಿವೆ ಮಾಡಿದ್ರೂ ಮುಗೀದಲ್ಲ" ಅಂದ್ಲು. ತಿನ್ನೋಕಲ್ಲ ಅಮ್ಮ, ತೂಕ ಹಾಕೋಕೆ ಅಂದೆ. ಅವಳು ಫೋನನ್ನ ಅಪ್ಪಯ್ಯನ ಕೈಗೆ ಕೊಟ್ಟು ಒಳಗೆ ಹೋದ್ಲು.

ಸರಿ, ನೊರೆ ವಿಷಯಕ್ಕೆ ಬರೋಣ.

ಈ ಬಳ್ಳಿ ಹೇಗೆ ಬೆಳೆಯುತ್ತೆ ಅಂತ ಸ್ವಲ್ಪ ಹೇಳದೆ ಇದ್ರೆ ಮುಂದಿನದ್ದು ಅರ್ಥ ಆಗಲ್ಲ. ಏಪ್ರಿಲ್ ಕೊನೆಗೆ ಬೀಜದ ಅಂಚನ್ನ ಉಗುರು ಉಜ್ಜೋ ಅರದಲ್ಲಿ ಸ್ವಲ್ಪ ತೇಯ್ದು, ನೆನೆಸಿ, ಮನೆ ಒಳಗೆ ಬೆಚ್ಚಗಿಟ್ಟು ಮೊಳಕೆ ಬರಿಸ್ತೀವಿ. ಮೇ ತಿಂಗಳಲ್ಲಿ ಪ್ಲಾಸ್ಟಿಕ್ ಗುಡಾರದ ಕೆಳಗೆ ನೆಲಕ್ಕೆ. ಜೂನಲ್ಲಿ ಮುಖ್ಯ ಬಳ್ಳಿ ದಿನಕ್ಕೆ ಅರ್ಧ ಅಡಿ, ಒಂದಡಿ ಅಂತ ಓಡೋಕೆ ಶುರುವಾಗುತ್ತೆ, ಅದರ ಎರಡೂ ಕಡೆ ಪಕ್ಕದ ಬಳ್ಳಿಗಳು, ಮೇಲಿಂದ ನೋಡಿದ್ರೆ ಕ್ರಿಸ್‌ಮಸ್ ಗಿಡದ ಆಕಾರ. ಆ ಬಳ್ಳಿಗಳನ್ನ ಗೆಣ್ಣು ಗೆಣ್ಣಿಗೂ ಮಣ್ಣಲ್ಲಿ ಹೂಳ್ತಾ ಹೋಗ್ಬೇಕು, ಯಾಕಂದ್ರೆ ಪ್ರತಿ ಗೆಣ್ಣಿಂದಲೂ ಹೊಸ ಬೇರು ಬಿಡುತ್ತೆ. ಜುಲೈ ಮೊದಲ ವಾರದ ಹೊತ್ತಿಗೆ ಬುಡದಿಂದ ಹತ್ತು ಹನ್ನೆರಡು ಅಡಿ ದೂರದಲ್ಲಿ ಬರೋ ಹೆಣ್ಣು ಹೂವಿಗೆ ಹಿಂದಿನ ರಾತ್ರಿಯೇ ಬಟ್ಟೆ ಕಟ್ಟಿಟ್ಟು, ಬೆಳಕು ಹರಿಯೋ ಹೊತ್ತಿಗೆ ಎದ್ದು ಗಂಡು ಹೂ ಕಿತ್ತು ತಂದು ಕೈಯಾರೆ ಪರಾಗ ಹಚ್ಚೋದು. ಆಮೇಲೆ ಒಂದೇ ಒಂದು ಹೀಚು ಉಳಿಸಿ ಬೇರೆ ಎಲ್ಲ ಕಿತ್ತು ಬಿಸಾಕೋದು. ಇಡೀ ಗಿಡ ಒಂದು ಕಾಯಿಗಾಗಿ ದುಡಿಯುತ್ತೆ.

ಆ ಒಂದು ಕಾಯಿ ಮೂರು ನಾಲ್ಕನೇ ವಾರ ದಾಟಿದ ಮೇಲೆ ಬೆಳೆಯೋ ವೇಗ ನೋಡ್ಬೇಕು. ಒಳ್ಳೆ ಬೆಳೆಗಾರರ ಕಾಯಿ ದಿನಕ್ಕೆ 40, 50 ಪೌಂಡ್ ಏರುತ್ತೆ. ನನ್ನದು ಬೆಸ್ಟ್ ದಿನ 22 ಇರ್ಬಹುದು, ಅದೂ ಟೇಪ್ ಹಿಡಿದು ಅಂದಾಜು ಹಾಕಿದ್ದು. ಇಷ್ಟು ನೀರು, ಇಷ್ಟು ಸಕ್ಕರೆ ಎಲ್ಲ ಹೋಗಬೇಕಾಗಿರೋದು ಒಂದು ತೊಟ್ಟಿನ ಮೂಲಕ. ಅದಕ್ಕೇ ಈ ಆಟದಲ್ಲಿ ಎಲೆ ಕೆಟ್ರೂ ನಿದ್ದೆ ಬರುತ್ತೆ, ತೊಟ್ಟು ಅಥವಾ ಬುಡಕ್ಕೆ ಏನಾದ್ರೂ ಆದ್ರೆ ಬರಲ್ಲ.

ನೊರೆ ಕಂಡ ದಿನ ನಾನು ಮಾಡಿದ ಮೊದಲ ಕೆಲಸ ಅದರ ಮೇಲೆ ಎಲೆ ವಾಪಸ್ ಎಳೆದು ಒಳಗೆ ಬಂದಿದ್ದು. ನಿಜ ಹೇಳ್ತೀನಿ. ಕಾಫಿ ಕುಡಿದೆ. ಕಾಯಿ ಆಗ ಹದಿನಾರು ದಿನದ ಕೂಸು, ಬಾಸ್ಕೆಟ್‌ಬಾಲಿಗಿಂತ ದೊಡ್ಡದು, ತಿಳಿ ಹಳದಿ, ಹೊಳೀತಿತ್ತು. ಆಮೇಲೆ ಪಕ್ಕದ ಟೌನಿನ ಅಜ್ಜನಿಗೆ ಫೋಟೋ ಕಳಿಸಿದೆ. ಅವರು ರಿಟೈರ್ಡ್ ಲಾರಿ ಡ್ರೈವರ್, ಇಪ್ಪತ್ತು ವರ್ಷದಿಂದ ಕುಂಬಳ ಬೆಳೀತಾರೆ, ಇಲ್ಲಿನ ಪದ್ಧತಿ ಪ್ರಕಾರ ಹೆಸರು ಹಿಡಿದೇ ಕರೀಬೇಕು, ಕರೀತೀನಿ, ಆದ್ರೆ ಮನಸ್ಸಲ್ಲಿ ಅಜ್ಜ ಅಂತಲೇ. ಹತ್ತು ನಿಮಿಷದಲ್ಲಿ ಫೋನ್ ಬಂತು. ಚಮಚ ತಗೋ, ಈಗಲೇ ಹೋಗು ಅಂದ್ರು.

ಚಮಚ ಅಂದ್ರೆ ಚಮಚವೇ. ಸ್ಟೀಲ್ ಚಮಚದ ಅಂಚಿಂದ ಮೆತ್ತಗಾಗಿರೋದನ್ನೆಲ್ಲ ಕೆರೆದು ತೆಗೀಬೇಕು, ಗಟ್ಟಿ ಹಸಿರು ತಿರುಳು ಸಿಗೋ ತನಕ. ನಾನು ಫೋನ್ ಸ್ಪೀಕರಿಗೆ ಹಾಕಿ ನೆಲದ ಮೇಲೆ ಮಂಡಿಯೂರಿ ಕೂತೆ. ಕೆರೀತಾ ಹೋದ್ರೆ ಕಂದು, ಕಂದು, ಕಂದು. ಒಂದು ಹೆಬ್ಬೆರಳು ಹೋಗುವಷ್ಟು ತೂತಾದ ಮೇಲೆ ಹಸಿರು ಕಾಣಿಸ್ತು, ಸಾಕಾ ಅಂದೆ. ಅಜ್ಜ ಹೇಳಿದ್ದನ್ನ ಕನ್ನಡದಲ್ಲಿ ಹೇಳೋದಾದ್ರೆ, ಕಾಣೋ ಕೊಳೆ ತೆಗೆದ್ರೆ ಸಾಲಲ್ಲ, ಅದರ ಅಕ್ಕಪಕ್ಕದ ಒಳ್ಳೇದನ್ನೂ ಸ್ವಲ್ಪ ತೆಗಿ. ಒಳ್ಳೆ ತಿರುಳಿಗೆ ಚಮಚ ಹಾಕೋವಾಗ ಕೈ ಬರಲ್ಲ ಕಣ್ರೀ. ಮೂರು ತಿಂಗಳು ಸಾಕಿದ ಗಿಡ.

ಆಮೇಲೆ ಒಂದು ಪಾಲು ಬ್ಲೀಚಿಗೆ ಒಂಬತ್ತು ಪಾಲು ನೀರು ಬೆರೆಸಿ ಗಾಯ ಒರೆಸಿ, ಹೆಂಡತಿಯ ಹೇರ್ ಡ್ರೈಯರ್ ತಂದು (ಕೇಳದೆ ತಂದಿದ್ದು, ಅದರ ಕಥೆ ಬೇರೆ) ತಣ್ಣನೆ ಗಾಳಿಯಲ್ಲಿ ಒಣಗಿಸಿ, ಗಂಧಕದ ಪುಡಿ ಉದುರಿಸಿದೆ. ಅಮೆರಿಕದ ಕಡೆ ಬೆಳೆಗಾರರು ಕ್ಯಾಪ್ಟಾನ್ ಅನ್ನೋ ಶಿಲೀಂಧ್ರನಾಶಕದ ಪುಡಿ ಹಾಕ್ತಾರೆ, ನಾನು ಗಂಧಕದಲ್ಲೇ ಸುಧಾರಿಸಿದೆ. ಬುಡದ ಸುತ್ತ ಮಣ್ಣು ಕೆರೆದು ಬಟ್ಟಲಿನ ಹಾಗೆ ತೆರೆದು, ಗಾಳಿಗೆ ಅಡ್ಡ ಇದ್ದ ಐದಾರು ಎಲೆ ಕತ್ತರಿಸಿ, ಒಂದು ಸಣ್ಣ ಟೇಬಲ್ ಫ್ಯಾನನ್ನ ಎಕ್ಸ್‌ಟೆನ್ಷನ್ ಕಾರ್ಡ್ ಎಳೆದು ಬುಡಕ್ಕೆ ನೇರ ಇಟ್ಟೆ. ಹಗಲೂ ರಾತ್ರಿ ಓಡ್ತಿತ್ತು. ಬುಡಕ್ಕೆ ನೀರು ಬಂದ್, ನೀರೆಲ್ಲ ದೂರದ ಬಳ್ಳಿಗಳಿಗೆ. ಮಳೆ ಬಂದ್ರೆ ಅಂತ ಮೇಲೊಂದು ಪ್ಲೈವುಡ್ ಹಲಗೆ, ನಾಲ್ಕು ಇಟ್ಟಿಗೆ ಮೇಲೆ ಎತ್ತರಿಸಿ, ಮುಚ್ಚಿದ ಹಾಗಾಗದೆ ಬರೀ ನೆರಳು ಕೊಡೋ ಹಾಗೆ.

ಆ ಎಲೆ ಕತ್ತರಿಸೋದರಲ್ಲೂ ಒಂದು ತಪ್ಪು ಮಾಡಿದೆ. ಕುಂಬಳದ ಎಲೆದಂಟು ಒಳಗೆ ಟೊಳ್ಳು, ಪಪ್ಪಾಯಿ ಎಲೆದಂಟಿನ ಹಾಗೆ. ಅರ್ಧಕ್ಕೆ ಕತ್ತರಿಸಿ ನೆಟ್ಟಗೆ ಬಿಟ್ರೆ ಅದೊಂದು ಕೊಳವೆ, ಮಳೆ ನೀರು ತುಂಬಿಕೊಂಡು ನೇರ ಬಳ್ಳಿಯ ಒಳಕ್ಕೆ ಕೊಳೆ ಇಳಿಸುತ್ತೆ. ಐದರಲ್ಲಿ ಎರಡು ದಂಟು ಹಂಗೇ ಕಪ್ಪಾದ್ವು. ಆಮೇಲೆ ಬಗ್ಗಿಸಿ ಮುಖ ಕೆಳಗೆ ಮಾಡೋದು ಕಲಿತೆ.

ಗಾಯ ವಾಸಿ ಆಯ್ತಾ ಅಂದ್ರೆ, ಇಲ್ಲ. ಹತ್ತು ದಿನ ಒಣಗಿತ್ತು, ಮತ್ತೆ ನೊರೆ, ಮತ್ತೆ ಚಮಚ. ಆಗಸ್ಟ್ ಮಧ್ಯದಲ್ಲಿ ಬುಡ ಅನ್ನೋದು ಒಂದು ಟೊಳ್ಳು ಸಿಪ್ಪೆ, ಒಳಗೆ ಕೈ ಹಾಕಿದ್ರೆ ಏನೂ ಇಲ್ಲ. ಆದ್ರೆ ಗಿಡ ಸಾಯ್ಲಿಲ್ಲ! ಹೂತಿದ್ದ ಗೆಣ್ಣು ಗೆಣ್ಣಲ್ಲೂ ಬೇರಿತ್ತಲ್ಲ, ಅದೇ ಊಟ ಹಾಕ್ತು, ಕಾಯಿ ತನ್ನ ಪಾಡಿಗೆ ತಾನು ಬೆಳೀತಾ ಹೋಯ್ತು. ತಾಯಿಬೇರು ಹೋದ್ರೂ ಬೇರೆ ಕಡೆ ಊರಿದ ಬೇರಿಂದ ಬದುಕೋದು ಅಂತ ವಲಸೆ ಬಂದವನಿಗೆ ಇಲ್ಲೊಂದು ಪ್ಯಾರಾ ಬರೆಯೋಕೆ ಕೈ ಕಡಿಯುತ್ತೆ. ಬರೆಯಲ್ಲ. ಕುಂಬಳಕ್ಕೆ ವೀಸಾ ಚಿಂತೆ ಇಲ್ಲ.

ಕೊಳೆ ಅಂದ್ರೆ ನನಗೆ ಹೊಸದೇನಲ್ಲ, ಅದಕ್ಕೇ ಇನ್ನೂ ನಾಚಿಕೆ. ನಮ್ಮೂರು ಕೊಪ್ಪದ ಕಡೆ, ಅಡಿಕೆ ತೋಟ. ಮಳೆಗಾಲ ಅಂದ್ರೆ ಮನೇಲಿ ಮಾತೇ ಕೊಳೆರೋಗದ್ದು. ಅಪ್ಪಯ್ಯ ಬೆಳಿಗ್ಗೆ ತೋಟಕ್ಕೆ ಹೋದವರು ಮರದ ಬುಡದಲ್ಲಿ ಉದುರಿದ ಎಳೆ ಅಡಿಕೆ ಎತ್ಕೊಂಡು ಬಂದು ಜಗಲಿ ಮೇಲೆ ಇಡ್ತಿದ್ರು, ತೊಟ್ಟಿನ ಹತ್ರ ಕಪ್ಪು ಹಸಿರು, ನೀರು ಕುಡಿದ ಹಾಗೆ, ಎರಡು ದಿನ ಬಿಟ್ರೆ ಬಿಳಿ ಬೂಸ್ಟು. ಅವತ್ತು ಮನೇಲಿ ಯಾರೂ ಜೋರಾಗಿ ನಗ್ತಿರ್ಲಿಲ್ಲ. ಮುಂಗಾರು ಹಿಡಿಯೋಕೆ ಮುಂಚೆ ಒಂದು ಸಲ ಬೋರ್ಡೋ ದ್ರಾವಣ, ಮಳೆ ಬಿಡುವು ಕೊಟ್ಟಾಗ ಇನ್ನೊಂದು ಸಲ. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು, ಈ ಲೆಕ್ಕ ನನಗೆ ಮಗ್ಗಿಗಿಂತ ಮುಂಚೆ ಬಂದಿತ್ತು. ಅದಕ್ಕೂ ಹಿಂದೆ ನಮ್ಮ ಸ್ವಂತ ಅಜ್ಜನ ಕಾಲದಲ್ಲಿ ಅಡಿಕೆ ಗೊನೆಗೆ ಕೊಟ್ಟೆ ಕಟ್ತಿದ್ರಂತೆ, ಗೊನೆಗೇ ಒಂದು ಕೊಡೆ ಹಿಡಿದ ಹಾಗೆ.

ಈ ಬೋರ್ಡೋ ವಿಷಯದಲ್ಲಿ ಒಂದು ತಮಾಷೆ ಇದೆ, ಕುಂಬಳ ಹಚ್ಕೊಂಡ ಮೇಲೆ ನನಗೆ ಗೊತ್ತಾಗಿದ್ದು. ಮೈಸೂರು ಸಂಸ್ಥಾನದಲ್ಲಿ ಅಡಿಕೆ ಕೊಳೆರೋಗನ ಕೂತು ಅಧ್ಯಯನ ಮಾಡಿ, ಅದು ಫೈಟೋಫ್ತೋರಾ ಕುಲದ ಜೀವಿಯ ಕೆಲಸ ಅಂತ ಬರೆದು, ಮಳೆಗೆ ಮುಂಚೆ ಬೋರ್ಡೋ ಹೊಡೀರಿ ಅಂತ ತೋಟ ತೋಟಕ್ಕೂ ತಲುಪಿಸಿದವರು ಲೆಸ್ಲಿ ಕೋಲ್ಮನ್. 1908ರಲ್ಲಿ ಸಂಸ್ಥಾನದ ಕೆಲಸಕ್ಕೆ ಬಂದವರು, 1910ರಲ್ಲಿ ಕೊಳೆರೋಗದ ಮೇಲೆ ಅವರ ವರದಿ ಬಂತು, ಆಮೇಲೆ ಸಂಸ್ಥಾನದ ಕೃಷಿ ಇಲಾಖೆಗೆ ಡೈರೆಕ್ಟರ್ ಆದ್ರು. ಆತ ಕೆನಡಾದವರು. ಅದರಲ್ಲೂ ಒಂಟಾರಿಯೊ, ಓದಿದ್ದು ಟೊರೊಂಟೊದಲ್ಲಿ. ನನ್ನ ಮನೆಯಿಂದ ಎರಡು ಗಂಟೆ ದಾರಿಯ ಊರಿಂದ ಒಬ್ಬರು ಹೊರಟು ಮಲೆನಾಡಿನ ಜಡಿಮಳೆಯಲ್ಲಿ ನಿಂತು ನಮ್ಮ ಮುತ್ತಜ್ಜನ ಕಾಲದ ತೋಟದ ಕೊಳೆಗೆ ಔಷಧಿ ಹೇಳಿಕೊಟ್ರು, ನೂರು ಚಿಲ್ಲರೆ ವರ್ಷ ಆದ ಮೇಲೆ ಅದೇ ಮಲೆನಾಡಿಂದ ನಾನು ಇಲ್ಲಿಗೆ ಬಂದು, ಚಮಚ ಹಿಡ್ಕೊಂಡು, ಲಾರಿ ಡ್ರೈವರ್ ಅಜ್ಜನ ಹತ್ರ ಬೈಸ್ಕೊಳ್ತಾ ಕೂತಿದ್ದೀನಿ. ಲೆಕ್ಕ ಸರಿಹೋಯ್ತು ಅನ್ಸುತ್ತೆ.

ಕುಂಬಳಕ್ಕೂ ಫೈಟೋಫ್ತೋರಾ ಬರುತ್ತೆ, ಅದೇ ಕುಲದ ಬೇರೆ ಜಾತಿ, ಬಂದ್ರೆ ಕಾಯಿ ಮೇಲೆ ಸಕ್ಕರೆ ಉದುರಿಸಿದ ಹಾಗೆ ಬಿಳಿ ಹರಡುತ್ತೆ, ಅವತ್ತಿಗೆ ಕಥೆ ಮುಗೀತು. ಅದು ಶಿಲೀಂಧ್ರದ ಹಾಗೆ ಕಂಡ್ರೂ ನಿಜಕ್ಕೆ ಶಿಲೀಂಧ್ರ ಅಲ್ಲ, ಅದರ ಬೀಜಕಣಗಳು ನೀರಿನ ಪದರದಲ್ಲಿ ಈಜಿಕೊಂಡು ಹೋಗ್ತವೆ, ಅದಕ್ಕೇ ನೀರು ನಿಲ್ಲೋ ಹೊಲ ಅಂದ್ರೆ ಬೆಳೆಗಾರರಿಗೆ ಭಯ. ನನಗೆ ಬಂದಿದ್ದು ಅದಲ್ಲ, ನೊರೆ ಬರೋದು ಬ್ಯಾಕ್ಟೀರಿಯಾ ಕೆಲಸ. ಎರಡನೇ ವರ್ಷ ಬಂದಿದ್ದು ಇನ್ನೊಂದು ಥರ, ಬಳ್ಳಿ ಕೊರೆಯೋ ಹುಳ. ಕಣಜದ ಹಾಗೆ ಕಾಣೋ ಕಿತ್ತಳೆ ಹೊಟ್ಟೆಯ ಪತಂಗ ಬುಡದ ಹತ್ರ ಮೊಟ್ಟೆ ಇಟ್ಟು ಹೋಗುತ್ತೆ, ಮರಿ ಒಳಗೆ ಹೊಕ್ಕು ತಿರುಳು ತಿನ್ನುತ್ತೆ, ಹೊರಗೆ ಗರಗಸದ ಪುಡಿಯ ಹಾಗೆ ಹಿಕ್ಕೆ. ಬಳ್ಳಿಯನ್ನ ಉದ್ದಕ್ಕೆ ಬ್ಲೇಡಲ್ಲಿ ಸೀಳಿ ಹುಳ ತೆಗೆದು ಮಣ್ಣು ಮುಚ್ಚಬಹುದು, ಅಡ್ಡ ಕೊಯ್ದ್ರೆ ಮಾತ್ರ ಗಿಡ ಹೋಗುತ್ತೆ. ನಾನು ಆ ವರ್ಷ ಅದನ್ನ ಓದಿದ್ದು ಗಿಡ ಬಾಡಿ ಮಲಗಿದ ಮೇಲೆ.

ಈಗ ತೊಟ್ಟು.

ಕುಂಬಳದ ಹೀಚು ಹುಟ್ಟೋವಾಗ ಬಳ್ಳಿಗೆ ಅಂಟಿಕೊಂಡ ಹಾಗೆ, ಕಿರಿದಾದ ಕೋನದಲ್ಲಿ ಇರುತ್ತೆ. ಮಾಮೂಲಿ ಕುಂಬಳಕ್ಕೆ ಅದರಿಂದ ಏನೂ ತೊಂದ್ರೆ ಇಲ್ಲ. ಇದು ಹಾಗಲ್ಲ, ಕಾಯಿಯ ಹೆಗಲು ಎರಡೂ ಕಡೆ ಉಬ್ಬಿ ಬಳ್ಳಿಯನ್ನ ನೂಕುತ್ತೆ, ಕಾಯಿ ಎತ್ತರ ಆದ ಹಾಗೆ ತೊಟ್ಟೂ ಮೇಲೇಳುತ್ತೆ, ತೊಟ್ಟಿನ ಜೊತೆ ಬಳ್ಳಿನೂ ನೆಲ ಬಿಟ್ಟು ಏಳಬೇಕು. ಬಳ್ಳಿ ಏಳೋಕೆ ಬಿಡದೆ ಗೆಣ್ಣಿನ ಬೇರು ನೆಲಕ್ಕೆ ಹಿಡ್ಕೊಂಡಿದ್ರೆ ಏನಾಗುತ್ತೆ? ಹರಿಯುತ್ತೆ. ಅದಕ್ಕೆ ಮೊದಲ ಹದಿನೈದು ದಿನದಲ್ಲೇ ಕಾಯಿಯನ್ನ ದಿನಕ್ಕೆ ಒಂದು ಇಂಚು ಅರ್ಧ ಇಂಚು ಸರಿಸ್ತಾ, ಬಳ್ಳಿಯನ್ನ ಕಾಯಿಯಿಂದ ಆಚೆಗೆ ಬಿಲ್ಲಿನ ಹಾಗೆ ಬಗ್ಗಿಸ್ತಾ, ತೊಟ್ಟು ಬಳ್ಳಿಗೆ ಅಡ್ಡಡ್ಡ ನಿಲ್ಲೋ ಹಾಗೆ ಮಾಡ್ಬೇಕು. ಇದನ್ನ ಬೆಳಿಗ್ಗೆ ಮಾಡೋ ಹಾಗಿಲ್ಲ, ಬೆಳಿಗ್ಗೆ ಬಳ್ಳಿ ನೀರು ತುಂಬಿ ಬಿರುಸಾಗಿರುತ್ತೆ, ಸೌತೆಕಾಯಿ ಹಾಗೆ ಟಪ್ ಅಂತ ಮುರಿಯುತ್ತೆ. ಬಿಸಿಲಿಗೆ ಸ್ವಲ್ಪ ಸೋತು ಮೆತ್ತಗಾದ ಸಾಯಂಕಾಲವೇ ಸರಿ. ಜೊತೆಗೆ ಕಾಯಿಯ ಎರಡೂ ಕಡೆ ಮೂರ್ನಾಲ್ಕು ಅಡಿ ತನಕ ಗೆಣ್ಣಿನ ಕೆಳಗಿನ ಬೇರು ಬಿಡಿಸಬೇಕು, ಬಳ್ಳಿಗೆ ಏಳೋಕೆ ಸಡಿಲ ಇರಲಿ ಅಂತ.

ನಾನು ಎಲ್ಲ ಮಾಡಿದ್ದೆ. ಎರಡು ಗೆಣ್ಣು ಬಿಟ್ಟು. ಬುಡ ಕೊಳೀತಿರೋವಾಗ ಇರೋ ಬೇರನ್ನೂ ಕೀಳೋದಾ ಅಂತ ಜಿಪುಣತನ ಮಾಡಿದೆ. ಈಗ ಯೋಚಿಸಿದ್ರೆ ಅದೂ ಅರ್ಥವಾಗೋ ತಪ್ಪೇ, ಒಂದು ಕಡೆ ಗಾಯ ಆದಾಗ ಇನ್ನೊಂದು ಕಡೆ ಕೈ ಹಿಡಿತ ಬಿಗಿ ಮಾಡ್ತೀವಿ.

ಆಗಸ್ಟ್ 5, ಕಾಯಿಗೆ 34 ದಿನ. ಸಂಜೆ ಆಫೀಸ್ ಮೀಟಿಂಗ್ ಮುಗಿಸಿ ಹೋದ್ರೆ ತೊಟ್ಟು ಬಳ್ಳಿಗೆ ಸೇರೋ ಜಾಗದಲ್ಲಿ ಕೆಳಗಡೆ ಒಂದು ಸೀಳು, ಪೆನ್ಸಿಲ್ ತೂರುವಷ್ಟು, ಒಳಗೆ ಹಸಿ, ರಸ ಜಿನುಗ್ತಾ ಇದೆ. ತೊಟ್ಟಿನ ಮೇಲೆ ಒಣ ಬಿರುಕು ಬರೋದು ಸಹಜ, ಅದು ಬೆಳೆಯೋವಾಗ ಹಳೇ ಮರದ ತೊಗಟೆ ಹಾಗೆ ಬಿರಿಯುತ್ತೆ, ಹೆದರಬೇಕಾಗಿಲ್ಲ. ಇದು ಹಾಗಲ್ಲ, ಇದು ಹರಿದಿದ್ದು. ಆ ಎರಡು ಗೆಣ್ಣಿನ ಬೇರು ಆಗಲೇ ಕತ್ತರಿಸಿದೆ, ಕತ್ತರಿಸಿದ ಕೂಡಲೇ ಬಳ್ಳಿ ಎರಡು ಬೆರಳು ಮೇಲಕ್ಕೆ ಎದ್ದಿದ್ದು ಕಣ್ಣಾರೆ ಕಂಡೆ, ಉಸಿರು ಬಿಟ್ಟ ಹಾಗೆ. ಅಷ್ಟು ದಿನ ಎಳೆತ ತಡ್ಕೊಂಡು ಕೂತಿತ್ತು ಅದು.

ಸೀಳನ್ನ ಒರೆಸಿ ಗಂಧಕ ಹಾಕಿದೆ. ಫ್ಯಾನು ಬುಡದಿಂದ ತೊಟ್ಟಿಗೆ ಬಂತು. ಕಾಯಿಯ ಹೆಗಲು ಬಳ್ಳಿಗೆ ಒತ್ತಿ ಉಜ್ಜಬಾರದು ಅಂತ ನಡುವೆ ಏನಾದ್ರೂ ಮೆತ್ತಗಿರೋದು ಇಡಬೇಕು, ಅಜ್ಜ ಈಜೋ ಮಕ್ಕಳು ಹಿಡ್ಕೊಳ್ತಾರಲ್ಲ ಆ ಫೋಮ್ ಕೋಲನ್ನ ತುಂಡು ಮಾಡಿ ಇಡ್ತಾರೆ. ನನ್ನ ಹತ್ರ ಅದಿರ್ಲಿಲ್ಲ. ಒಂದು ಹಳೇ ಟರ್ಕಿ ಟವೆಲ್ ಸುರುಳಿ ಸುತ್ತಿ ತುರುಕಿದೆ. ಚೆನ್ನಾಗಿ ಕೂತ್ಕೊಳ್ತು. ನೀಟಾಗಿ ಕಾಣ್ತಿತ್ತು. ಫೋಟೋ ಬೇರೆ ತೆಗೆದೆ.

ಮುಂದಿನ ನಾಲ್ಕು ವಾರ ತೊಟ್ಟಿನ ಸೀಳು ನಿಜಕ್ಕೂ ಒಣಗ್ತು. ಅಂಚಿನ ಸುತ್ತ ಬೆಂಡಿನ ಹಾಗೆ ಗಟ್ಟಿ ಪದರ ಬೆಳೀತು, ನಾನು ದಿನಾ ಎರಡು ಹೊತ್ತು ಟಾರ್ಚ್ ಹಿಡಿದು ನೋಡಿ ಬರ್ತಿದ್ದೆ, ಆಫೀಸ್ ಕಾಲಲ್ಲಿದ್ದಾಗಲೂ. ಕಾಯಿ 300 ದಾಟ್ತು, 500 ದಾಟ್ತು. ಎಲ್ಲ ನೋಡಿದೆ. ಟವೆಲ್ ಎತ್ತಿ ನೋಡ್ಲಿಲ್ಲ.

ಯಾಕೆ ನೋಡ್ಲಿಲ್ಲ ಅಂತ ಆಮೇಲೆ ತುಂಬಾ ಯೋಚಿಸಿದ್ದೀನಿ. ಸಮಯ ಇರ್ಲಿಲ್ಲ ಅನ್ನೋದು ಸುಳ್ಳು. ಗಾಯ ಇರೋ ಕಡೆ ನೂರು ಸಲ ನೋಡಿದವನು, ನಾನೇ ರಕ್ಷಣೆಗೆ ಅಂತ ಇಟ್ಟ ಜಾಗವನ್ನ ಒಂದು ಸಲವೂ ಅನುಮಾನಿಸ್ಲಿಲ್ಲ, ಅಷ್ಟೇ. ಆಗಸ್ಟ್ ಕೊನೆಯಲ್ಲಿ ಮೂರು ದಿನ ಬಿಡದೆ ಮಳೆ ಬಂತು. ಬಿಸಿಲು ಬಂದ ಮೇಲೆ ಮೇಲಿಂದೆಲ್ಲ ಒಣಗ್ತು. ಟವೆಲ್ ಒಣಗ್ಲಿಲ್ಲ.

ಸೆಪ್ಟೆಂಬರ್ 6ಕ್ಕೆ ಮಗಳು, ಅವಳಿಗೆ ಏಳು ವರ್ಷ, "ಅಪ್ಪಾ, ಈ ಟವೆಲ್ ಗಬ್ಬು ನಾರ್ತಿದೆ" ಅಂದ್ಲು. ಎಳೆದೆ. ಟವೆಲಿನ ಜೊತೆ ಸಿಪ್ಪೆಯೂ ಸ್ವಲ್ಪ ಬಂತು. ಹೆಗಲ ಮೇಲೆ, ತೊಟ್ಟಿಂದ ಮೂರು ಬೆರಳು ಕೆಳಗೆ, ಒಂದು ಚಕ್ಕುಲಿಯಷ್ಟು ಅಗಲದ ಜಾಗ, ಬೂದು ಬಣ್ಣ, ಒತ್ತಿದ್ರೆ ಬೆರಳು ಒಳಗೆ.

ಅವತ್ತು ರಾತ್ರಿ ಅಪ್ಪಯ್ಯನಿಗೆ ಫೋನ್ ಮಾಡಿದಾಗ ಹೇಳಿದೆ. ಅವರಿಗೆ ಕುಂಬಳದ ಹುಚ್ಚು ಅರ್ಥ ಆಗಲ್ಲ, ಕೊಳೆ ಅರ್ಥ ಆಗುತ್ತೆ. "ಮುಚ್ಚಿದ್ದು ಎಂಥಕ್ಕೆ?" ಅಂದ್ರು. ನೀವೂ ಕೊಟ್ಟೆ ಕಟ್ತಿದ್ರಲ್ಲ ಹಿಂದೆ, ಅದೂ ಮುಚ್ಚೋದೇ ಅಲ್ವಾ ಅಂದೆ, ಸ್ವಲ್ಪ ಸಿಟ್ಟಲ್ಲೇ. "ಕೊಟ್ಟೆ ನೀರು ಒಳಗೆ ಬರದಿದ್ದ ಹಾಗೆ ಕಟ್ಟೋದು ಮಾರಾಯ. ನೀನು ನೀರು ಹೊರಗೆ ಹೋಗದಿದ್ದ ಹಾಗೆ ಕಟ್ಟಿದ್ದಿ." ಸ್ವಲ್ಪ ಹೊತ್ತು ಇಬ್ಬರೂ ಮಾತಾಡ್ಲಿಲ್ಲ. ಆಮೇಲೆ ಅವರೇ, ಈ ಸಲ ಎರಡನೇ ಸಲದ ಔಷಧಿ ಹೊಡೆಯೋಕೆ ಜನ ಸಿಗದೆ ಹನ್ನೆರಡು ದಿನ ತಡ ಆಯ್ತು, ಹೊಳೆ ಬದಿ ತೋಟದಲ್ಲಿ ಉದುರಿದೆ ಅಂದ್ರು. ಎಷ್ಟು ಅಂತ ಕೇಳಿದೆ. "ಉದುರಿದೆ" ಅಂತಷ್ಟೇ ಅಂದ್ರು.

ಮಾರನೇ ದಿನ ಅಜ್ಜ ತಾವೇ ಬಂದ್ರು. ಕನ್ನಡಕ ಏರಿಸಿ ನೋಡಿ, ಜೇಬಿಂದ ತಮ್ಮದೇ ಚಮಚ ತೆಗೆದ್ರು, ಒಂದು ಕಡೆ ಅಂಚು ಉಜ್ಜಿ ಉಜ್ಜಿ ಚೂಪು ಮಾಡಿದ ಚಮಚ. ತೊಟ್ಟಿನ ಹತ್ರ ಈ ಕಾಯಿಯ ಗೋಡೆ ಒಂದು ಗೇಣು ದಪ್ಪ ಇರುತ್ತೆ, ಅದೇ ನಮ್ಮ ಅದೃಷ್ಟ. ಅವರು ಕೆರೀತಾ ಹೋದ್ರು, ನಾನು ಪೇಪರ್ ಟವೆಲಲ್ಲಿ ಹೀರ್ತಾ ಹೋದೆ. ಎರಡು ಇಂಚು ಆಳದಲ್ಲಿ ಕಿತ್ತಳೆ ಬಣ್ಣದ ಗಟ್ಟಿ ತಿರುಳು, ಉಗುರಲ್ಲಿ ಒತ್ತಿದ್ರೆ ಹಸಿ ಗಜ್ಜರಿಯ ಹಾಗೆ. ಅಜ್ಜ ಇನ್ನೂ ಕಾಲು ಇಂಚು ತೆಗೆದ್ರು. ಬ್ಲೀಚ್ ನೀರು, ಫ್ಯಾನು, ಗಂಧಕ. ಮೇಲೆ ಏನೂ ಮುಚ್ಚಬೇಡ ಅಂದ್ರು, ನಾನು ಇಲ್ಲ ಇಲ್ಲ ಅಂದೆ. ಮಳೆಗೆ ಮಾತ್ರ ಎರಡು ಅಡಿ ಎತ್ತರದಲ್ಲಿ ಒಂದು ಟಾರ್ಪಾಲ್, ನಾಲ್ಕು ಕಡೆ ಗಾಳಿ ಆಡೋ ಹಾಗೆ, ಅಂದ್ರೆ ಕೊನೆಗೂ ಕೊಟ್ಟೆಯೇ.

ಆಮೇಲಿನ ಒಂದು ತಿಂಗಳು ಗಾಯ ಒಣಗೇ ಇತ್ತು. ಬಟ್ಟಲಿನ ಹಾಗೆ ಒಂದು ಕುಳಿ, ಒಳಗೆ ಚರ್ಮದ ಹಾಗೆ ಬಿಗಿದುಕೊಂಡ ಪದರ. ಕಾಯಿ ದಿನಕ್ಕೆ ಎರಡು ಮೂರು ಪೌಂಡ್ ಅಂತ ನಿಧಾನಕ್ಕೆ ಏರ್ತಾ ಇತ್ತು, ಸೆಪ್ಟೆಂಬರಲ್ಲಿ ಹಾಗೇ. ನನಗೆ ಗೊತ್ತಿತ್ತು ತೂಕದ ಸ್ಪರ್ಧೆಯ ನಿಯಮ. ದೊಡ್ಡ ಕುಂಬಳದ ಬೆಳೆಗಾರರಿಗೆ ಗ್ರೇಟ್ ಪಂಪ್ಕಿನ್ ಕಾಮನ್‌ವೆಲ್ತ್ ಅಂತ ಒಂದು ಒಕ್ಕೂಟ ಇದೆ, ಅವರ ನಿಯಮದಲ್ಲಿ ಕಾಯಿ ಆರೋಗ್ಯವಾಗಿರ್ಬೇಕು, ಒಳಗಿನ ಪೊಳ್ಳಿನ ತನಕ ಹೋಗೋ ಬಿರುಕು ತೂತು ಇರಬಾರದು, ಕೊಳೆ, ಮೆತ್ತಗಿನ ಜಾಗ ಇರಬಾರದು. ಇದ್ರೆ ತೂಗ್ತಾರೆ, ಪ್ರದರ್ಶನಕ್ಕೆ ಇಡ್ತಾರೆ, ಆದ್ರೆ ಹೆಸರಿನ ಮುಂದೆ ಡ್ಯಾಮೇಜ್ಡ್ ಅಂತ. ಕೆತ್ತಿ ಒಣಗಿಸಿದ ಗಾಯ ಕೊಳೆಯಾ ಅಲ್ವಾ? ಮಲಗಿದಾಗೆಲ್ಲ ಇದೇ ವಾದ, ನಾನೇ ಲಾಯರು ನಾನೇ ಜಡ್ಜು.

ಅಕ್ಟೋಬರ್ ಮೊದಲ ವಾರ, ಕಾಯಿ ಏಳಿಸೋ ದಿನ. ಮೂರು ಕಾಲಿನ ಕಬ್ಬಿಣದ ಚೌಕಟ್ಟು, ಚೈನ್ ಪುಲ್ಲಿ, ಕಾಯಿ ಸುತ್ತ ಎಂಟು ಬೆಲ್ಟು. ಬಳ್ಳಿ ಕತ್ತರಿಸೋದು ನಾನೇ. ಗರಗಸ ಹಾಕಿದ್ರೆ ಬಳ್ಳಿಯಿಂದ ನೀರು ಸುರೀತು, ಇನ್ನೂ ಜೀವ ಇತ್ತು ಅದಕ್ಕೆ. ಬುಡದ ಕಡೆ ನೋಡಿದ್ರೆ ಅಲ್ಲಿ ಬುಡವೇ ಇಲ್ಲ, ಒಂದು ಕುಳಿ, ಅದರಲ್ಲಿ ತರಗೆಲೆ.

ಅದು ನವರಾತ್ರಿಯ ಹತ್ತಿರದ ವಾರ. ಊರ ಕಡೆ ಆಯುಧ ಪೂಜೆಗೆ ಬೂದುಗುಂಬಳ ಒಡೆಯೋ ಸಮಯಕ್ಕೆ ನಾನು ಇಲ್ಲಿ ಪಿಕಪ್ ಟ್ರಕ್ಕಿನ ಮೇಲೆ ಕುಂಬಳ ಒಡೆಯದಿರಲಿ ಅಂತ ಇಪ್ಪತ್ತು ಕಿಲೋಮೀಟರ್ ವೇಗದಲ್ಲಿ ಹೋಗ್ತಿದ್ದೆ, ಹಿಂದೆ ಕಾರುಗಳ ಮೆರವಣಿಗೆ. ಈ ಕಡೆಯ ಜನಕ್ಕೆ ಇದೊಂದು ಹಳೇ ಚಾಳಿ. ನಮ್ಮಲ್ಲಿಂದ ಒಂದೂಕಾಲು ಗಂಟೆ ದೂರ, ಹ್ಯೂರಾನ್ ಸರೋವರದ ದಡದಲ್ಲಿ ಗಾಡ್ರಿಚ್ ಅಂತ ಊರು, ಅಲ್ಲಿನ ವಿಲಿಯಂ ವಾರ್ನಾಕ್ 1900ರಲ್ಲಿ 400 ಪೌಂಡಿನ ಕಾಯನ್ನ ಪ್ಯಾರಿಸ್ ಪ್ರದರ್ಶನಕ್ಕೆ ಕಳಿಸಿದ್ದ, 1904ರ ಸೇಂಟ್ ಲೂಯಿಸ್ ಪ್ರದರ್ಶನದಲ್ಲಿ ಅವನದ್ದೇ 403 ಪೌಂಡ್, ಆ ದಾಖಲೆ 1976ರ ತನಕ ಯಾರೂ ಮುರೀಲಿಲ್ಲ. ಹಡಗಲ್ಲಿ ಅಟ್ಲಾಂಟಿಕ್ ದಾಟೋವಾಗ ಅವನ ಕಾಯಿ ಕೊಳೀದೇ ಹೇಗೆ ಉಳೀತು ಅನ್ನೋದೇ ನನಗೆ ತೂಕಕ್ಕಿಂತ ದೊಡ್ಡ ಆಶ್ಚರ್ಯ. ಟವೆಲ್ ಸುತ್ತಿರ್ಲಿಲ್ಲ ಅನ್ಸುತ್ತೆ.

ತೂಕದ ಜಾಗದಲ್ಲಿ ಕಾಯಿ ಪರೀಕ್ಷೆ ಮಾಡೋಕೆ ಒಬ್ಬ ಹೆಂಗಸು ಬಂದ್ರು, ಅರವತ್ತರ ಆಸುಪಾಸು, ಕೈಯಲ್ಲಿ ಟಾರ್ಚ್. ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಕೆಳಗೆ ಬಗ್ಗಿ, ಹೂ ಉದುರಿದ ಜಾಗ ಮುಟ್ಟಿ, "ಇದರಲ್ಲಿ ನಾನು ನೋಡಬೇಕಾಗಿರೋದು ಏನಾದ್ರೂ ಇದೆಯಾ?" ಅಂತ ಮಾಮೂಲಿ ಪ್ರಶ್ನೆ ಕೇಳಿದ್ರು. ಎಲ್ಲರಿಗೂ ಕೇಳೋ ಪ್ರಶ್ನೆ. ನನ್ನ ಕೈ ತಾನಾಗಿ ಕಾಯಿಯ ಹೆಗಲ ಮೇಲೆ ಹೋಯ್ತು. ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಅನ್ನೋ ಗಾದೆ ನಲವತ್ತು ವರ್ಷದಿಂದ ಕೇಳ್ತಿದ್ದೀನಿ, ಅವತ್ತು ಅದರ ಒಳಗೇ ನಿಂತಿದ್ದೆ.

ಅವರು ಆ ಕುಳಿಗೆ ಟಾರ್ಚ್ ಬಿಟ್ಟು, ಹೆಬ್ಬೆರಳಲ್ಲಿ ಸುತ್ತ ಒತ್ತುತ್ತಾ ಬಂದ್ರು. ಗಟ್ಟಿ. ಗಟ್ಟಿ. ಗಟ್ಟಿ. ತೊಟ್ಟಿನ ಕಡೆಯ ಅಂಚಲ್ಲಿ ಬೆರಳು ನಿಂತ್ಕೊಳ್ತು. ಇನ್ನೊಂದು ಸಲ ಒತ್ತಿದ್ರು. ನನ್ನ ಕೈ ಹಿಡಿದು ಅಲ್ಲೇ ಇಟ್ರು, ನೀನೇ ನೋಡು ಅನ್ನೋ ಹಾಗೆ. ಒಂದು ಹುಣಸೆ ಬೀಜದಷ್ಟು ಜಾಗ, ಮೆತ್ತಗೆ. ಹಿಂದಿನ ದಿನ ಒತ್ತಿ ನೋಡಿದಾಗ ಅಲ್ಲಿ ಇರ್ಲಿಲ್ಲ. ಅಥವಾ ಇತ್ತು.

ತೂಕ 738 ಪೌಂಡ್ ಬಂತು, 335 ಕಿಲೋ. ಟೇಪ್ ಅಳತೆಯ ಪಟ್ಟಿಯ ಪ್ರಕಾರ 705 ಇರಬೇಕಿತ್ತು, ಅಂದ್ರೆ ಅಂದಾಜಿಗಿಂತ ಭಾರ, ಬೆಳೆಗಾರರು ಇದಕ್ಕೆ ಖುಷಿ ಪಡ್ತಾರೆ. ಅಜ್ಜ ಬೆನ್ನು ತಟ್ಟಿದ್ರು. ಚೀಟಿ ಮೇಲೆ ಡ್ಯಾಮೇಜ್ಡ್. ಅಧಿಕೃತವಾಗಿ ನಾನು ಏನೂ ಬೆಳೆದಿಲ್ಲ. ಮಗಳು ಅದರ ಮುಂದೆ ನಿಂತು ಬಂದವರಿಗೆಲ್ಲ "ನಮ್ಮಪ್ಪಂದು, ಟವೆಲ್‌ನಿಂದ ಹಾಳಾಯ್ತು" ಅಂತ ಇಂಗ್ಲಿಷಲ್ಲಿ ವಿವರಿಸ್ತಿದ್ಲು.

ಮನೆಗೆ ತಂದು ಕೊಯ್ದೆ. ಕೊಳೆ ಒಳಗಿನ ಪೊಳ್ಳಿಗೆ ತಲುಪಿರ್ಲಿಲ್ಲ, ಇನ್ನೂ ನಾಲ್ಕು ಬೆರಳು ಗೋಡೆ ಬಾಕಿ ಇತ್ತು. ಬೀಜ ಸಾಕಷ್ಟು ಸಿಕ್ಕಿದ್ವು, ತೊಳೆದು ಜಾಲರಿ ಮೇಲೆ ಹರಡಿ ಅದೇ ಫ್ಯಾನಿನ ಮುಂದೆ ಇಟ್ಟೆ. ಈ ಲೋಕದಲ್ಲಿ ಬೀಜಕ್ಕೆ ಹೆಸರಿಡೋದು ತೂಕ, ಮನೆತನದ ಹೆಸರು, ವರ್ಷ ಸೇರಿಸಿ. ಕವರಿನ ಮೇಲೆ 738 ಅಂತ ಬರೆದು, ನನ್ನ ಹೆಸರು ಬರೆದು, ಕೊನೆಗೆ ಡ್ಯಾಮೇಜ್ಡ್ ಅಂತಲೂ ಬರೆದೆ, ಸ್ವಲ್ಪ ಸಣ್ಣ ಅಕ್ಷರದಲ್ಲಿ. ಸಾಸಿವೆ ಮಾಡಿದ್ವಿ, ರುಚಿ ಇರ್ಲಿಲ್ಲ, ಈ ಕಾಯಿಗೆ ರುಚಿ ಇರಲ್ಲ, ಬರೀ ನೀರು. ಉಳಿದಿದ್ದು ಅಜ್ಜನ ಪರಿಚಯದ ಒಬ್ಬರ ಹಂದಿಗಳಿಗೆ ಹೋಯ್ತು.

ತೊಟ್ಟು ಮಾತ್ರ ಇಟ್ಕೊಂಡಿದ್ದೀನಿ. ಒಣಗಿ ಮರದ ಕೊರಡಾಗಿದೆ, ನನ್ನ ಮೊಣಕೈಯಷ್ಟು ದಪ್ಪ, ಆಗಸ್ಟಿನ ಸೀಳು ಹಾಗೇ ಇದೆ, ಅಂಚಲ್ಲಿ ಇನ್ನೂ ಸ್ವಲ್ಪ ಗಂಧಕದ ಹಳದಿ. ಗರಾಜಿನ ಬಾಗಿಲು ಗಾಳಿಗೆ ಹೊಡ್ಕೊಳ್ಳುತ್ತೆ ಅಂತ ಹೆಂಡತಿ ಅದನ್ನ ಅಡ್ಡ ಇಟ್ಟಿದ್ದಾಳೆ. ಹೇರ್ ಡ್ರೈಯರಿಗೆ ಬದಲಿ ಅಂತೆ.